ಎರಡು ರೂಪಾಯಿಯ ನಿರ್ಮಾಪಕರು

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಚಲನಚಿತ್ರವು ಒಂದು ವಿಚಿತ್ರವಾದ ಸರಕು. ಬಟ್ಟೆ ಕೊಳ್ಳುವವನು ಸೆರಗನ್ನು ಮುಟ್ಟಿ ನೋಡುತ್ತಾನೆ. ಅಕ್ಕಿ ಕೊಳ್ಳುವವನು ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಾನೆ. ಚಿತ್ರದ ಗ್ರಾಹಕನಾದರೋ ಪೂರ್ಣ ಬೆಲೆಯನ್ನು ತೆತ್ತ ಮೇಲೆಯೇ ಸರಕನ್ನು ಕಾಣುತ್ತಾನೆ. ಕಂಡ ಮೇಲೆ ಹಿಂದಿರುಗಿಸುವಂತಿಲ್ಲ. ಇಂತಹ ಸರಕನ್ನು ಸಿದ್ಧಪಡಿಸಿ ಮಾರುವವರಿಗೂ ನಾಳೆಯ ಭರವಸೆ ಇರುವುದಿಲ್ಲ. ಆದುದರಿಂದ ಈ ಉದ್ಯಮದಲ್ಲಿ ಪ್ರತಿಯೊಬ್ಬನೂ ನಷ್ಟದ ಭಯವನ್ನು ತನ್ನ ಹೆಗಲಿನಿಂದ ಮುಂದಿನವನ ಹೆಗಲಿಗೆ ದಾಟಿಸಲು ಹವಣಿಸುತ್ತಾನೆ.

ಫಿಲ್ಮ್ ಸುರುಳಿಗಳ ಕಾಲದಲ್ಲಿ ಸಾಲ ಕೊಟ್ಟವನು ನೆಗೆಟಿವ್‌ನ ಮೇಲೆ ಹಕ್ಕು ಬರೆಸಿಕೊಳ್ಳುತ್ತಿದ್ದನು. ಅವನ ಬಾಕಿ ತೀರದೆ ಪ್ರಯೋಗಾಲಯದಿಂದ ಪ್ರತಿಗಳು ಹೊರಬೀಳುತ್ತಿರಲಿಲ್ಲ. ನಿರ್ಮಾಪಕನು ನಾಡನ್ನು ಪ್ರಾಂತ್ಯಗಳಾಗಿ ಹಂಚಿ, ಪ್ರಾಂತ್ಯಕ್ಕೊಬ್ಬ ವಿತರಕನಿಂದ ಕನಿಷ್ಠ ಖಾತರಿಯ ಹಣವನ್ನು ಮೊದಲೇ ಪಡೆಯುತ್ತಿದ್ದನು. ನಮ್ಮ ಗಾಂಧಿನಗರದ ಭಾಷೆಯಲ್ಲಿ ಬೆಂಗಳೂರು, ಕೋಲಾರ, ತುಮಕೂರುಗಳು ಸೇರಿ 'ಬಿಕೆಟಿ' ಎಂಬ ಒಂದು ಪ್ರಾಂತ್ಯ. ಮೈಸೂರು, ಮಂಡ್ಯ, ಕೊಡಗು, ಹಾಸನಗಳು ಸೇರಿ ಇನ್ನೊಂದು. ವಿತರಕನು ಚಿತ್ರಮಂದಿರದವನಿಂದ ಮುಂಗಡ ಕೇಳುತ್ತಾನೆ. ಚಿತ್ರಮಂದಿರದವನು ಬಲಶಾಲಿಯಾಗಿದ್ದರೆ ಮುಂಗಡ ಕೊಡುವುದಿರಲಿ, ವಾರದ ಬಾಡಿಗೆಯನ್ನೇ ವಸೂಲು ಮಾಡುತ್ತಾನೆ. ಈ ಸರಪಳಿಯ ಕೊನೆಯ ಕೊಂಡಿ ಪ್ರೇಕ್ಷಕ. ಎಲ್ಲರ ಲೆಕ್ಕವೂ ಅವನ ಜೇಬಿನಿಂದಲೇ ಚುಕ್ತಾ ಆಗಬೇಕು. ಆದರೆ ಯಾವ ಚಿತ್ರ ತಯಾರಾಗಬೇಕೆಂಬ ಪ್ರಶ್ನೆ ಎದ್ದಾಗ ಅವನು ಆ ಕೋಣೆಯಲ್ಲಿರುವುದಿಲ್ಲ.

ಮಲ್ಟಿಪ್ಲೆಕ್ಸ್‌ಗಳು ಬಂದ ಮೇಲೆ ಲೆಕ್ಕದ ರೀತಿ ಬದಲಾಯಿತೇ ಹೊರತು ಪ್ರೇಕ್ಷಕನ ಸ್ಥಾನ ಬದಲಾಗಲಿಲ್ಲ. ೨೦೦೯ರಲ್ಲಿ ಹಿಂದಿ ನಿರ್ಮಾಪಕರು ಸುಮಾರು ಎರಡು ತಿಂಗಳ ಕಾಲ ಹೊಸ ಚಿತ್ರಗಳನ್ನು ತಡೆಹಿಡಿದು ಒಂದು ಒಪ್ಪಂದಕ್ಕೆ ಬಂದರು. ತೆರಿಗೆ ಕಳೆದು ಉಳಿದ ಗಳಿಕೆಯಲ್ಲಿ ಅವರ ಪಾಲು ಮೊದಲ ವಾರ ಶೇಕಡಾ ೫೦, ಎರಡನೆಯ ವಾರ ೪೨.೫, ಮೂರನೆಯ ವಾರ ೩೭.೫, ಅನಂತರ ೩೦. ಈ ನಾಲ್ಕು ಅಂಕಿಗಳನ್ನು ನಿಧಾನವಾಗಿ ಓದಿದರೆ ಪ್ರಚಾರದ ಅಬ್ಬರದ ಕಾರಣವು ತಾನಾಗಿ ಗೋಚರಿಸುತ್ತದೆ. ಪಾಲು ದೊಡ್ಡದಿರುವಾಗಲೇ, ಅಂದರೆ ಚಿತ್ರ ಹೇಗಿದೆಯೆಂಬ ಸುದ್ದಿ ಬಾಯಿಂದ ಬಾಯಿಗೆ ಹರಡುವ ಮುನ್ನವೇ, ಜನರನ್ನು ಒಳಗೆ ಕೂರಿಸಬೇಕು. ಮೆಲ್ಲಗೆ ಮನಸ್ಸಿಗಿಳಿದು ನಾಲ್ಕನೆಯ ವಾರದಲ್ಲಿ ಜನರನ್ನು ಸೆಳೆಯುವ ಚಿತ್ರಕ್ಕೆ ಆ ಹೊತ್ತಿಗೆ ಸಿಗುವುದು ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಅಲ್ಲಿಯವರೆಗೆ ಅದು ಪರದೆಯ ಮೇಲೆ ಉಳಿದಿದ್ದರೆ ಆ ಮಾತು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು, ಅಂದರೆ ಒಂದನ್ನು ತೋರಿಸಿ ಮತ್ತೊಂದನ್ನು ಕೊಡುವುದನ್ನು, ಎಣಿಸಿದ ಆಚಾರ್ಯರು ಸಿನಿಮಾ ಕಂಡವರಲ್ಲ. ಆದರೂ ಕಥೆಯಲ್ಲಿಲ್ಲದುದನ್ನು ಭಿತ್ತಿಪತ್ರದಲ್ಲಿ ತೋರಿಸುವವರನ್ನು ಅವರು ಚೆನ್ನಾಗಿಯೇ ಬಲ್ಲವರಾಗಿದ್ದರು ಎನ್ನಬೇಕು.

ಈ ಕ್ರಮವನ್ನು ತಲೆಕೆಳಗು ಮಾಡಿದ ಚಿತ್ರವೊಂದು ನಮ್ಮ ದೇಶದಲ್ಲಿದೆ. ೧೯೭೬ರಲ್ಲಿ ಬಂದ 'ಮಂಥನ್' ಚಿತ್ರಕ್ಕೆ ಗುಜರಾತಿನ ಹಾಲು ಉತ್ಪಾದಕರ ಸಂಘಗಳ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಕೊಟ್ಟರು. ಹತ್ತು ಲಕ್ಷ ರೂಪಾಯಿ ಕೂಡಿತು. ಸಂಘಗಳ ಒಕ್ಕೂಟವೇ ನಿರ್ಮಾಪಕ ಸಂಸ್ಥೆಯಾಯಿತು. ನಿರ್ದೇಶಕ ಶ್ಯಾಮ್ ಬೆನೆಗಲ್ ಜಾಹೀರಾತು ಚಿತ್ರಗಳ ಕ್ಷೇತ್ರದಿಂದ ಬಂದವರು. ಅವರ ಮೊದಲ ಚಿತ್ರ 'ಅಂಕುರ್'ಗೆ ಹಣ ಹೂಡಿದ ಬ್ಲೇಜ್ ಸಂಸ್ಥೆಯೂ ಚಿತ್ರಮಂದಿರಗಳಿಗೆ ಜಾಹೀರಾತು ಚಿತ್ರಗಳನ್ನು ಒದಗಿಸುತ್ತಿದ್ದ ಸಂಸ್ಥೆಯೇ. ಹಾಲಿನ ಸಹಕಾರ ಚಳವಳಿಯ ಬಗ್ಗೆ ಸಾಕ್ಷ್ಯಚಿತ್ರಗಳನ್ನು ಮಾಡಿದ್ದ ಅವರಿಗೆ, ಅವು ಈಗಾಗಲೇ ನಂಬಿದವರನ್ನು ಮಾತ್ರ ತಲುಪುತ್ತವೆ, ಹೊರಗಿನವರನ್ನು ತಲುಪಲು ಕಥೆಯೇ ಬೇಕು ಎನಿಸಿತ್ತು. ವರ್ಗೀಸ್ ಕುರಿಯನ್ ಅವರೊಡನೆ ಕಥೆ ರೂಪುಗೊಂಡಿತು. ಚಿತ್ರಕಥೆಯನ್ನು ವಿಜಯ್ ತೆಂಡೂಲ್ಕರ್ ಬರೆದರು.

ಹಣ ಕೊಟ್ಟವನು ತನ್ನ ಮುಖಸ್ತುತಿಯನ್ನು ಬಯಸುವುದು ಲೋಕರೂಢಿ. 'ಮಂಥನ್' ಚಿತ್ರದ ಹಿರಿಮೆಯಿರುವುದು ಈ ರೂಢಿಯನ್ನು ಅದು ಬಹುಮಟ್ಟಿಗೆ ಮೀರಿದುದರಲ್ಲಿ. ಸಂಘ ಕಟ್ಟಲು ಹಳ್ಳಿಗೆ ಬರುವ ಪಶುವೈದ್ಯ ಡಾ. ರಾವ್ (ಗಿರೀಶ ಕಾರ್ನಾಡರ ಪಾತ್ರ) ಗೆಲ್ಲುವುದಿಲ್ಲ. ಸುಳ್ಳು ಆರೋಪ ಹೊತ್ತು, ವರ್ಗಾವಣೆಯ ಆದೇಶ ಹಿಡಿದು ರೈಲು ಹತ್ತುತ್ತಾನೆ. ಅವನ ಸಹೋದ್ಯೋಗಿಯೊಬ್ಬ (ಅನಂತನಾಗ್) ಹಳ್ಳಿಯ ಹುಡುಗಿಯೊಡನೆ ನಡೆದುಕೊಂಡ ರೀತಿಯಿಂದ ಸಂಘಕ್ಕೇ ಕೆಟ್ಟ ಹೆಸರು ತರುತ್ತಾನೆ. ಸಂಘದ ಅಧ್ಯಕ್ಷಗಿರಿಗೆ ದಲಿತನೊಬ್ಬ ಆಯ್ಕೆಯಾದ ಕೂಡಲೇ ಸರಪಂಚನು ಖಾಸಗಿ ಡೇರಿಯ ಪಕ್ಷ ಸೇರುತ್ತಾನೆ. ಎಲ್ಲರ ಹಾಲೂ ಒಂದೇ ಪಾತ್ರೆಗೆ ಬೀಳಬಹುದು, ಆದರೆ ಹಾಲು ತಂದವರು ಒಂದೇ ಸಾಲಿನಲ್ಲಿ ನಿಲ್ಲಲು ಒಪ್ಪುವರೇ ಎಂಬ ಪ್ರಶ್ನೆಯನ್ನು ಚಿತ್ರವು ತನ್ನ ನಿರ್ಮಾಪಕರ ಮುಂದೆಯೇ ಇಡುತ್ತದೆ. ಎರಡೆರಡು ರೂಪಾಯಿ ಕೊಟ್ಟವರಲ್ಲಿ ಇಂತಹ ಸರಪಂಚರೂ ಇದ್ದಿರಲಾರರೆಂದು ಹೇಳಬರುವುದಿಲ್ಲ.

ಚಿತ್ರದ ನೈತಿಕ ಕೇಂದ್ರವೆಂದರೆ ಹಾಲಿನ ಪರೀಕ್ಷೆ. ಕೊಬ್ಬಿನಂಶವನ್ನು ಎಲ್ಲರೆದುರು ಅಳೆದು, ಅಳತೆಗೆ ತಕ್ಕ ಬೆಲೆ ಕೊಡುವುದು. ಕೇಳಲು ಅತಿ ಸಾಮಾನ್ಯವಾದ ಈ ಕ್ರಿಯೆಯು ಒಂದು ಊರಿನ ಅಧಿಕಾರದ ಬುಡವನ್ನೇ ಅಲುಗಿಸುವುದನ್ನು ಬೆನೆಗಲ್ ಅವಸರವಿಲ್ಲದೆ ತೋರಿಸಿದ್ದಾರೆ. ಸ್ಮಿತಾ ಪಾಟೀಲ್ ಅವರ ಬಿಂದು ಮತ್ತು ನಸೀರುದ್ದೀನ್ ಶಾ ಅವರ ಭೋಲಾ ಈ ಅಳತೆಯನ್ನು ನಂಬಲು ಹಿಂಜರಿಯುವ ಬಗೆ ಬಹಳ ಸಹಜವಾದುದು. ತಲೆಮಾರುಗಳಿಂದ ಮೋಸಹೋದವನು ಸರಿಯಾದ ತಕ್ಕಡಿಯನ್ನೂ ಅನುಮಾನದಿಂದಲೇ ನೋಡುತ್ತಾನೆ.

ಆಕ್ಷೇಪಣೆಗೆ ಎಡೆಯಿರುವುದು ಡೇರಿಯ ಮಾಲಿಕ ಮಿಶ್ರನ ಪಾತ್ರದಲ್ಲಿ. ಅಮರೀಶ್ ಪುರಿ ಅದನ್ನು ಮೆಲುದನಿಯಲ್ಲಿ ನಿರ್ವಹಿಸಿ ಬಹುಮಟ್ಟಿಗೆ ಉಳಿಸಿದ್ದಾರೆ. ಆದರೆ ಬರವಣಿಗೆಯು ಅವನನ್ನು ಸಂಚುಗಾರನನ್ನಾಗಿ ಮಾತ್ರ ಕಂಡಿದೆ. ಅವನ ಲೆಕ್ಕದ ಪುಸ್ತಕದೊಳಗೆ ಕ್ಯಾಮರಾ ಇಣುಕುವುದೇ ಇಲ್ಲ. ಹಾಲು ಕೆಟ್ಟರೆ ನಷ್ಟ ಯಾರದು, ಅವನು ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಅಂತರವೆಷ್ಟು ಎಂಬುದು ತಿಳಿದಿದ್ದರೆ ಅವನ ಅನ್ಯಾಯವು ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು. ವ್ಯಾಪಾರಿಯನ್ನು ಖಳನನ್ನಾಗಿ ಮಾಡುವುದು ಭಾರತೀಯ ಚಿತ್ರಗಳಿಗೆ ಸುಲಭದ ಅಭ್ಯಾಸವಾಗಿದೆ. ಇಷ್ಟು ವಿವೇಕದ ಚಿತ್ರವೂ ಅದರಿಂದ ಪಾರಾಗಲಿಲ್ಲ.

ಇನ್ನೊಂದು ಪ್ರಶ್ನೆ ಹಣದ್ದು. ಆ ಎರಡು ರೂಪಾಯಿ ಬಂದುದು ರೈತರಿಗೆ ಸಲ್ಲಬೇಕಾದ ಹಾಲಿನ ಹಣದಿಂದ. ಅದನ್ನು ಬಂಡವಾಳವೆನ್ನಬೇಕೋ ವಂತಿಗೆ ಎನ್ನಬೇಕೋ? ಎರಡು ರೂಪಾಯಿ ಕೊಟ್ಟವನಿಗೆ ಲೆಕ್ಕ ಕೇಳುವ ಶಕ್ತಿಯೂ ಇರುವುದಿಲ್ಲ, ಆಸೆಯೂ ಇರುವುದಿಲ್ಲ. ಈ ದೃಷ್ಟಿಯಿಂದ ಐದು ಲಕ್ಷ ನಿರ್ಮಾಪಕರು ಎಂಬ ಮಾತಿನಲ್ಲಿ ಒಂದಿಷ್ಟು ಅಲಂಕಾರವಿದೆ. ಆದರೆ ಚಿತ್ರ ಬಿಡುಗಡೆಯಾದಾಗ ಆ ರೈತರು ತಮ್ಮ ಚಿತ್ರವನ್ನು ನೋಡಲು ಲಾರಿಗಳಲ್ಲಿ ತಂಡತಂಡವಾಗಿ ಪಟ್ಟಣಗಳಿಗೆ ಬಂದರು. ಕೊಟ್ಟ ಹಣ ತಮ್ಮದೆಂಬ ಅರಿವಿಲ್ಲದವರು ಹಾಗೆ ಬರುವವರಲ್ಲ. ಮುಂದೆ ಚಿತ್ರದ ೧೬ ಮಿ.ಮೀ. ಪ್ರತಿಗಳನ್ನು ಹಳ್ಳಿಗಳಿಗೆ ಕಳುಹಿಸಿ, ಹೊಸ ಸಂಘಗಳನ್ನು ಕಟ್ಟಲು ಬಳಸಲಾಯಿತು. ಚಿತ್ರದಲ್ಲಿ ಕಂಡಂತಹ ತಂಡವೇ, ಪಶುವೈದ್ಯನೂ ತಂತ್ರಜ್ಞನೂ ಸೇರಿ, ಚಿತ್ರದ ಹಿಂದೆಯೇ ಹಳ್ಳಿಗೆ ಹೋಗುತ್ತಿತ್ತು. ಭಿತ್ತಿಪತ್ರದ ಆಶ್ವಾಸನೆಯನ್ನು ಪ್ರದರ್ಶನದ ಮರುದಿನವೇ ಪರೀಕ್ಷಿಸಬಹುದಾದ ಚಿತ್ರಗಳು ಎಷ್ಟಿವೆ?

ಕನ್ನಡದಲ್ಲಿ ಇದಕ್ಕೆ ಹೋಲಿಕೆಯಾಗಿ ೨೦೧೩ರ 'ಲೂಸಿಯಾ'ವನ್ನು ಹೇಳುವುದುಂಟು. ನಿರ್ಮಾಪಕರು ದೊರೆಯದಾಗ ನಿರ್ದೇಶಕ ಪವನ್ ಕುಮಾರ್ ಅಂತರಜಾಲದ ಮೂಲಕ ಜನರನ್ನು ಕೇಳಿದರು. ನೂರಹತ್ತು ಮಂದಿ ಸೇರಿ ಸುಮಾರು ಅರ್ಧ ಕೋಟಿ ರೂಪಾಯಿ ಕೊಟ್ಟರು. ಚಿತ್ರವು ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ಸಾಹಸ ದೊಡ್ಡದೇ. ಆದರೂ ವ್ಯತ್ಯಾಸವನ್ನು ಗಮನಿಸಬೇಕು. ನೂರಹತ್ತು ಮಂದಿ ಒಂದು ಚಿತ್ರವನ್ನು ತಯಾರಿಸಬಲ್ಲರು. ಒಂದು ಚಿತ್ರಮಂದಿರವನ್ನು ಒಂದು ದಿನ ತುಂಬಿಸಲಾರರು. ಅವರ ಚಿತ್ರವೂ ಮತ್ತೆ ಅದೇ ವಿತರಕ, ಅದೇ ಮೊದಲ ವಾರದ ಬಾಗಿಲಲ್ಲಿ ನಿಲ್ಲಬೇಕು. ಗುಜರಾತಿನ ರೈತರ ಬಳಿ ಹಣದ ಜೊತೆಗೆ ಪ್ರತಿ ಹಳ್ಳಿಯಲ್ಲೂ ಬೆಳಗು ಬೈಗು ಸೇರುವ ಒಂದು ಅಂಗಳವೂ ಇತ್ತು.

ಕಾಲಕ್ರಮದಲ್ಲಿ ಶಿಥಿಲಗೊಂಡಿದ್ದ 'ಮಂಥನ್' ಅನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪುನರುದ್ಧಾರ ಮಾಡಿತು; ವೆಚ್ಚಕ್ಕೆ ನೆರವಾದುದು ಅದೇ ಹಾಲು ಒಕ್ಕೂಟ. ೨೦೨೪ರ ಮೇ ತಿಂಗಳಲ್ಲಿ ಅದು ಕಾನ್ ಚಿತ್ರೋತ್ಸವದಲ್ಲಿಯೂ, ಜೂನ್ ಆರಂಭದಲ್ಲಿ ಭಾರತದ ಹಲವು ನಗರಗಳ ಚಿತ್ರಮಂದಿರಗಳಲ್ಲಿಯೂ ಪ್ರದರ್ಶಿತವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆನೆಗಲ್ ತೀರಿಕೊಂಡರು. ನಗರದ ಪ್ರೇಕ್ಷಕರು ಟಿಕೆಟು ಕೊಂಡು ನೋಡಿದ ಈ ಹೊಸ ಪ್ರತಿಯು ಹಳ್ಳಿಯ ಸಂಘಗಳ ಅಂಗಳಗಳಿಗೂ ಹೋಗಬೇಕಾದುದು ನ್ಯಾಯ. ಹಿಂದೆ ಸುರುಳಿಗಳನ್ನೂ ಯಂತ್ರವನ್ನೂ ಹೊತ್ತು ಸಾಗಬೇಕಾಗಿತ್ತು. ಇಂದು ಒಂದು ಸಣ್ಣ ಪೆಟ್ಟಿಗೆ ಸಾಕು. ಅದನ್ನು ತಯಾರಿಸಿದ ಐದು ಲಕ್ಷ ಮಂದಿಯಲ್ಲಿ ಇಂದೂ ಬದುಕಿರುವವರಿಗೆ ಮಾತ್ರ ಟಿಕೆಟಿನ ಹಣವನ್ನು ಕೇಳುವಂತಿಲ್ಲ.