ಶೋಧಪೆಟ್ಟಿಗೆಯೂ ದ್ರಾಕ್ಷೇತೋಟವೂ: ಅಟ್ಲಾ ಡೇಟಾಬೇಸಿನ ಹೊಸ ವಿನ್ಯಾಸದ ಒಂದು ವಿಮರ್ಶೆ

ದೈವಶಾಸ್ತ್ರದ ವಿದ್ಯಾರ್ಥಿಗೆ ಇಂದು ಗ್ರಂಥಾಲಯವು ಕಪಾಟುಗಳ ಸಾಲಾಗಿ ಕಾಣುವ ಮೊದಲೇ ಕಂಪ್ಯೂಟರಿನ ಪರದೆಯಾಗಿ ಎದುರಾಗುತ್ತದೆ. ಆ ಪರದೆಯ ವಿನ್ಯಾಸ ಬದಲಾದಾಗ ಅದನ್ನು ಕೇವಲ ತಾಂತ್ರಿಕ ಸಂಗತಿಯೆಂದು ಭಾವಿಸಿ ಗ್ರಂಥಪಾಲಕರ ಪಾಲಿಗೆ ಬಿಟ್ಟುಬಿಡುವುದು ವಾಡಿಕೆ. ಆದರೆ ಯಾವುದು ಮೊದಲ ನೋಟಕ್ಕೆ ಕಾಣಬೇಕು, ಯಾವುದು ಎರಡು ಹೆಜ್ಜೆ ಹಿಂದೆ ನಿಲ್ಲಬೇಕು ಎಂಬ ತೀರ್ಮಾನ ಪ್ರತಿಯೊಂದು ವಿನ್ಯಾಸದೊಳಗೂ ಅಡಗಿರುತ್ತದೆ. ನಮ್ಮ ಸೆಮಿನರಿಗಳಲ್ಲಿ ಬಳಕೆಯಲ್ಲಿರುವ ಅಟ್ಲಾ ಡೇಟಾಬೇಸಿನ ಹೊಸ ರೂಪವನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಸೇವೆಗೆ ನಿಲ್ಲುವ ಸಭಾಪಾಲಕರ ಅಗತ್ಯದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1949ರಿಂದೀಚಿನ ನಿಯತಕಾಲಿಕ ಲೇಖನಗಳ ಮುದ್ರಿತ ಸೂಚಿಯಾಗಿ ಆರಂಭವಾದ ಈ ಡೇಟಾಬೇಸನ್ನು ಬೆಳೆಸಿದುದು ಅಮೆರಿಕದ ದೈವಶಾಸ್ತ್ರೀಯ ಗ್ರಂಥಾಲಯಗಳ ಸಂಘ. 2019ರಲ್ಲಿ ಆ ಸಂಘ ಅಟ್ಲಾ ಎಂಬುದನ್ನೇ ತನ್ನ ಹೆಸರಾಗಿ ಇರಿಸಿಕೊಂಡಿತು. ಇದು ಓದುಗರಿಗೆ ದೊರೆಯುವುದು ಇಬ್ಸ್ಕೊ ಸಂಸ್ಥೆಯ ತಾಣದ ಮೂಲಕ. ಆ ಸಂಸ್ಥೆ ಈಚಿನ ವರ್ಷಗಳಲ್ಲಿ ಹಳೆಯ ವಿನ್ಯಾಸದಿಂದ ಹೊಸದಕ್ಕೆ ಬದಲಾಗಿದೆ. ಹೊಸ ಪುಟದಲ್ಲಿ ಎದ್ದು ಕಾಣುವುದು ಒಂದೇ ಒಂದು ಶೋಧಪೆಟ್ಟಿಗೆ. ಲೇಖಕ, ಶೀರ್ಷಿಕೆ, ವಿಷಯ ಎಂದು ವಿಂಗಡಿಸಿ ಹುಡುಕಬೇಕಾದವರು ಪ್ರತ್ಯೇಕ ಕೊಂಡಿಯನ್ನು ಒತ್ತಿ ಒಳಗೆ ಹೋಗಬೇಕು. ಈ ಬದಲಾವಣೆಯಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು. ಮೊಬೈಲಿನಲ್ಲಿಯೂ ಪುಟ ಹೊಂದಿಕೊಳ್ಳುತ್ತದೆ. ಪೂರ್ಣಪಾಠವಿರುವ ಲೇಖನಗಳನ್ನು ಒಂದೇ ಒತ್ತಿಗೆ ಬೇರ್ಪಡಿಸಬಹುದು. ಆರಿಸಿದ ಲೇಖನಗಳನ್ನು ಒಂದೆಡೆ ಕೂಡಿಸಿಡಬಹುದು. ಮೊದಲ ಬಾರಿಗೆ ಡೇಟಾಬೇಸಿನ ಮುಂದೆ ಕೂರುವ ವಿದ್ಯಾರ್ಥಿಯ ಅಂಜಿಕೆ ಇದರಿಂದ ಕಡಿಮೆಯಾಗುತ್ತದೆ.

ಆದರೆ ಒಂದೇ ಪೆಟ್ಟಿಗೆಯ ಸೌಲಭ್ಯಕ್ಕೆ ತೆರಬೇಕಾದ ಬೆಲೆಯೂ ಇದೆ. ಒಂದು ಉದಾಹರಣೆಯಿಂದ ಇದನ್ನು ನೋಡಬಹುದು. ಕಾಫಿ ತೋಟದ ಕೂಲಿಕಾರರೇ ಹೆಚ್ಚಾಗಿರುವ ಸಭೆಯೊಂದರಲ್ಲಿ ಮತ್ತಾಯ 20:1-16ನ್ನು ಪ್ರಸಂಗಿಸಬೇಕಾಗಿದೆ ಎನ್ನೋಣ. ದ್ರಾಕ್ಷೇತೋಟಕ್ಕೆ ಕರೆ ಬಂದ ಆಳುಗಳ ಸಾಮ್ಯವದು. ಪೆಟ್ಟಿಗೆಯಲ್ಲಿ ದ್ರಾಕ್ಷೇತೋಟ ಎಂಬುದಕ್ಕೆ ಸಮನಾದ ಇಂಗ್ಲಿಷ್ ಪದವನ್ನು ಬರೆದರೆ ಯೆಶಾಯ 5ನೆಯ ಅಧ್ಯಾಯದ ದ್ರಾಕ್ಷೇತೋಟವೂ ನಾಬೋತನ ದ್ರಾಕ್ಷೇತೋಟವೂ ಅದೇ ಪಟ್ಟಿಯಲ್ಲಿ ಬೆರೆಯುತ್ತವೆ. ಅಟ್ಲಾ ಸೂಚಿಯ ನಿಜವಾದ ಸಂಪತ್ತು ಬೇರೆಡೆ ಇದೆ. ಲೇಖನವೊಂದು ಯಾವ ವೇದಭಾಗವನ್ನು ವ್ಯಾಖ್ಯಾನಿಸುತ್ತದೆ ಎಂಬುದನ್ನು ಅಧ್ಯಾಯ, ವಚನಗಳ ಮಟ್ಟದಲ್ಲಿ ಗುರುತಿಸಿಟ್ಟಿರುವ ಸೂಚೀಕಾರರ ದೀರ್ಘಕಾಲದ ಪರಿಶ್ರಮವೇ ಆ ಸಂಪತ್ತು. ಪೆಟ್ಟಿಗೆಯಷ್ಟನ್ನೇ ನೆಚ್ಚಿದವನಿಗೆ ಇಂಥದೊಂದು ದಾರಿಯಿದೆ ಎಂಬುದೇ ತಿಳಿಯದೆ ಹೋಗಬಹುದು. ದೈವಶಾಸ್ತ್ರದ ಡೇಟಾಬೇಸೊಂದು ತನ್ನ ವಿಶಿಷ್ಟ ಗುಣವನ್ನು ಬಾಗಿಲಲ್ಲಿಯೇ ತೋರಿಸದಿರುವುದು ದೋಷವೆಂದೇ ನನ್ನ ಅಭಿಪ್ರಾಯ.

ಸಾಮ್ಯದಿಂದ ತೋಟದ ಬದುಕಿಗೆ ಬಂದಾಗ ಕಷ್ಟ ಇನ್ನೂ ಹೆಚ್ಚುತ್ತದೆ. ಘಟ್ಟದ ಕೆಳಗಿನಿಂದ ಮೇಸ್ತ್ರಿಯ ಮುಂಗಡ ಪಡೆದು ಬಂದವರು, ಲೈನುಮನೆಗಳಲ್ಲಿ ಬದುಕಿದವರು, ರೈಟರನ ಪುಸ್ತಕದಲ್ಲಿ ಹಾಜರಿಯಾಗಿ ಉಳಿದವರು ಧರ್ಮಶಾಸ್ತ್ರೀಯ ಸೂಚಿಗಳಲ್ಲಿ ಸಭೆಯ ಸದಸ್ಯರಾಗಿ ಕಾಣಿಸುವುದು ವಿರಳ. ಅವರ ಸಂಗತಿ ಇರುವುದು ಕೃಷಿ, ಕಾರ್ಮಿಕ ಆಡಳಿತ, ಪ್ರವಾಸಕಥನ ಎಂಬ ವಿಭಾಗಗಳಲ್ಲಿ. ಮಂಜರಾಬಾದಿನಲ್ಲಿ ಕಾಫಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದ ಶೀರ್ಷಿಕೆ ಚಿನ್ನ, ಬೇಟೆ ಮತ್ತು ಕಾಫಿ ಬೆಳೆಯ ಹೆಸರನ್ನು ಹೊತ್ತಿದೆ. ಆದರೆ ಅದರಲ್ಲಿ ಜಾತಿಯ ಕುರಿತು ಒಂದು ಅಧ್ಯಾಯವೇ ಇದೆ. ತೋಟದೊಡೆಯನೊಬ್ಬ ಜಾತಿಯನ್ನು ಹೇಗೆ ಕಂಡನೆಂಬುದು ಇಲ್ಲಿಯ ಸಭೆಯ ಚರಿತ್ರೆಯನ್ನು ಬರೆಯುವವರಿಗೆ ಅನಿವಾರ್ಯವಾದ ಸಾಮಗ್ರಿ. ವಿಷಯದ ಫಿಲ್ಟರನ್ನು ಕ್ರೈಸ್ತಧರ್ಮಕ್ಕೆ ಸೀಮಿತಗೊಳಿಸಿದವರಿಗೆ ಇಂಥ ಪುಸ್ತಕ ಎದುರಾಗಲಾರದು.

ಇನ್ನು ಹೆಸರುಗಳ ಪ್ರಶ್ನೆ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದು ಹೆಸರಿತ್ತು. ಬಿ. ಎಲ್. ರೈಸರ ಗೆಜೆಟಿಯರಿನ 1897ರ ಪರಿಷ್ಕೃತ ಆವೃತ್ತಿಯಲ್ಲಿಯೂ ಎಪಿಗ್ರಾಫಿಯ ಕರ್ನಾಟಿಕದ 6ನೆಯ ಸಂಪುಟದಲ್ಲಿಯೂ ಮೂಡಿಗೆರೆ, ಕಳಸದ ಸೀಮೆಯನ್ನು ಅದೇ ಹೆಸರಿನಡಿ ಹುಡುಕಬೇಕು. ಊರಿನ ಇಂಗ್ಲಿಷ್ ಕಾಗುಣಿತವೂ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು. ಹೊಸ ಕಾಗುಣಿತದಲ್ಲಿ ಹುಡುಕಿ ಬರಿಗೈಯಲ್ಲಿ ಮರಳಿದ ವಿದ್ಯಾರ್ಥಿ, ಈ ಸೀಮೆಯ ಸಭೆಯ ಬಗ್ಗೆ ಯಾರೂ ಬರೆದಿಲ್ಲವೆಂದು ತನ್ನ ಪ್ರಬಂಧದಲ್ಲಿ ಬರೆದುಬಿಡುವ ಅಪಾಯವಿದೆ.

ಮಿಷನ್ ದಾಖಲೆಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಈ ಸೀಮೆಯ ದಕ್ಷಿಣ ಭಾರತ ಸಭೆಯ ಸಭೆಗಳು ಇಂದು ಮಂಗಳೂರಿನಲ್ಲಿ ಕೇಂದ್ರವಿರುವ ಕರ್ನಾಟಕ ದಕ್ಷಿಣ ಸಭಾಪ್ರಾಂತಕ್ಕೆ ಸೇರಿವೆ. ಆದಕಾರಣ ವಿದ್ಯಾರ್ಥಿ ಸಹಜವಾಗಿಯೇ ಬಾಸೆಲ್ ಮಿಷನ್ನಿನ ಸಂಗ್ರಹದತ್ತ ತಿರುಗುತ್ತಾನೆ. ಬಾಸೆಲ್ ಮಿಷನ್ ದಕ್ಷಿಣ ಕನ್ನಡ, ಕೊಡಗು, ಧಾರವಾಡ ಪ್ರಾಂತಗಳಲ್ಲಿ ದುಡಿಯಿತು. ಹಳೆಯ ಮೈಸೂರು ಸಂಸ್ಥಾನದ ಕನ್ನಡ ಸೀಮೆಯಾದರೋ ಪ್ರಧಾನವಾಗಿ ವೆಸ್ಲಿಯನ್ ಮೆಥೊಡಿಸ್ಟ್ ಮಿಷನ್ನಿನ ಕ್ಷೇತ್ರವಾಗಿತ್ತು. ಆ ಮಿಷನ್ನಿನ ಕಾಗದಪತ್ರಗಳು ಲಂಡನ್ನಿನ ಸೋವಾಸ್ ಗ್ರಂಥಾಲಯದಲ್ಲಿವೆ. ಕಥೋಲಿಕ ಸಭೆಯಲ್ಲಿಯೂ ಇದೇ ಬಗೆ: ಚಿಕ್ಕಮಗಳೂರು ಧರ್ಮಪ್ರಾಂತ ಸ್ಥಾಪನೆಯಾದುದು 1963ರಲ್ಲಿ; ಅದಕ್ಕೂ ಹಿಂದಿನದನ್ನು ಮೈಸೂರು ಧರ್ಮಪ್ರಾಂತದ ಹೆಸರಿನಲ್ಲಿ ಅರಸಬೇಕು. ಪ್ರಸ್ತುತತೆಯ ಕ್ರಮದಲ್ಲಿ ಫಲಿತಾಂಶಗಳನ್ನು ಜೋಡಿಸುವ ಯಂತ್ರವು ಬರೆದ ಪದಕ್ಕೆ ಹತ್ತಿರವಾದುದನ್ನು ಮೇಲಕ್ಕೆ ತರುತ್ತದೆ. ಗಡಿಗಳು ಸರಿದ ಚರಿತ್ರೆಯನ್ನು ತಿಳಿದು ಪದವನ್ನು ಆಯುವ ಹೊಣೆ ಹುಡುಕುವವನದೇ.

ಲಿಪಿಯ ತೊಡಕೂ ಇಲ್ಲಿ ಸೇರುತ್ತದೆ. ಪಾಶ್ಚಾತ್ಯ ಗ್ರಂಥಾಲಯಗಳ ಹಳೆಯ ಸೂಚಿಗಳಲ್ಲಿ ಕನ್ನಡ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ, ಹ್ರಸ್ವದೀರ್ಘಗಳ ಚಿಹ್ನೆಗಳೊಡನೆ ದಾಖಲಾಗಿವೆ. ಕನ್ನಡ ಲಿಪಿಯಲ್ಲಿಯೇ ಹುಡುಕಿದವರಿಗೆ ಅಂಥ ನಮೂದು ಸಿಗದು. ಆಡುಮಾತಿನ ಕಾಗುಣಿತದಲ್ಲಿ ಇಂಗ್ಲಿಷಿನಲ್ಲಿ ಬರೆದವರಿಗೂ ಸಿಗದಿರಬಹುದು. ಪರದೆಯ ಚೆಲುವು ಎಷ್ಟೇ ಹೆಚ್ಚಿದರೂ ಅದರ ಹಿಂದಿನ ನಮೂದು ಬದಲಾಗದೆ ಈ ಕೊರತೆ ತೀರಲಾರದು.

ಇಲ್ಲಿಯವರೆಗಿನ ವಿಮರ್ಶೆಯ ಸಾರ ಇಷ್ಟು: ಬರಿದಾದ ಫಲಿತಾಂಶಪುಟವು ಡೇಟಾಬೇಸಿನ ಮಿತಿಗೆ ಸಾಕ್ಷಿಯೇ ಹೊರತು ಸಭೆಯ ಮೌನಕ್ಕೆ ಸಾಕ್ಷಿಯಲ್ಲ. ಇದನ್ನು ಮರೆತರೆ ತೋಟದಲ್ಲಿ ದುಡಿದ ವಿಶ್ವಾಸಿಗಳನ್ನು ರೈಟರನ ಪುಸ್ತಕ ಒಮ್ಮೆ, ನಮ್ಮ ಪ್ರಬಂಧಗಳು ಮತ್ತೊಮ್ಮೆ ಹೆಸರಿಲ್ಲದವರನ್ನಾಗಿ ಮಾಡುತ್ತವೆ.

ಸೆಮಿನರಿಯಿಂದ ಹೊರಬಂದ ಸಭಾಪಾಲಕರಿಗೆ ಸಾಮಾನ್ಯವಾಗಿ ಚಂದಾ ಡೇಟಾಬೇಸಿನ ಬಾಗಿಲು ಮುಚ್ಚುತ್ತದೆ ಎಂಬುದನ್ನೂ ಮರೆಯಬಾರದು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಇಂಡೆಕ್ಸ್ ಥಿಯೊಲೊಜಿಕಸ್ ಎಲ್ಲರಿಗೂ ಉಚಿತ. ವೇದಭಾಗವನ್ನು ಹಿಡಿದು ಹುಡುಕುವ ಅನುಕೂಲವೂ ಅದರಲ್ಲಿದೆ. ಅದೇ ವಿಶ್ವವಿದ್ಯಾಲಯ 2018ರಲ್ಲಿ ತೆರೆದ ಗುಂಡರ್ಟ್ ಪೋರ್ಟಲಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯದ ಕನ್ನಡ ಪುಸ್ತಕಗಳನ್ನು ಪುಟಪುಟವಾಗಿ ಓದಬಹುದು. ಪದವಿಗೆ ಮುನ್ನವೇ ವಿದ್ಯಾರ್ಥಿಗಳಿಗೆ ಇವುಗಳ ಬಳಕೆಯನ್ನು ಕಲಿಸುವುದು ಸೂಕ್ತ.

ಇದರೊಡನೆ ನಾವೇ ಮಾಡಬೇಕಾದ ಕೆಲಸವೊಂದಿದೆ. ಕಾಫಿ ಸೀಮೆಯ ಸಭೆಗಳ ಕುರಿತ ಪ್ರತಿಯೊಂದು ಪ್ರಬಂಧ, ಲೇಖನಕ್ಕೂ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಾರಾಂಶವಿರಲಿ. ಊರಿನ ಹಳೆಯ, ಹೊಸ ಹೆಸರುಗಳೆರಡೂ ಅದರ ಸೂಚಕಪದಗಳಲ್ಲಿ ಸೇರಲಿ. ಲೈನುಮನೆ, ಮೇಸ್ತ್ರಿ, ಕೂಲಿ ಎಂಬ ಪದಗಳೂ ವೇದಭಾಗದ ಉಲ್ಲೇಖದ ಪಕ್ಕದಲ್ಲಿಯೇ ನಿಲ್ಲಲಿ. ಮತ್ತಾಯನ ಸಾಮ್ಯದ ಒಡೆಯನು ದಿನವಿಡೀ ಮತ್ತೆ ಮತ್ತೆ ಪೇಟೆಗೆ ಹೊರಟು, ಯಾರೂ ಕೂಲಿಗೆ ಕರೆಯದವರನ್ನು ಹುಡುಕಿದನು. ನಮ್ಮ ಶೋಧವೂ ಮೊದಲ ಪುಟದ ಫಲಿತಾಂಶಕ್ಕೆ ನಿಲ್ಲದೆ ಅಷ್ಟು ದೂರ ಹೋಗಬೇಕಾಗಿದೆ.