‘ಚಿರಸ್ಮರಣೆ’ಯಾಚೆಗಿನ ಪ್ರಶ್ನೆ: ಕ್ರಾಂತಿ, ಭೂಮಿ ಮತ್ತು ಸರ್ವಂಕಷ ಪ್ರಭುತ್ವ

ನಿರಂಜನರ ‘ಚಿರಸ್ಮರಣೆ’ ಕಾದಂಬರಿಯು 1955ರಲ್ಲಿ ಪ್ರಕಟವಾಯಿತು. ಪ್ರಗತಿಶೀಲ ಸಾಹಿತ್ಯದ ಸಾಧನೆಗಳಲ್ಲಿ ಅದಕ್ಕೆ ಸಲ್ಲುವ ಸ್ಥಾನವು ವಿವಾದಾತೀತವಾದುದು. ಪ್ರಸ್ತುತ ಲೇಖನದಲ್ಲಿ ಆ ಕೃತಿಯನ್ನು ಇತಿಹಾಸದ ವಿದ್ಯಾರ್ಥಿಯ ದೃಷ್ಟಿಯಿಂದ ನೋಡಿ, ಒಂದೇ ಒಂದು ಪ್ರಶ್ನೆಯನ್ನು ಅದರ ಮುಂದಿಡಲು ಯತ್ನಿಸಲಾಗಿದೆ. ರೈತನ ಬಿಡುಗಡೆಗಾಗಿ ಎದ್ದ ಕ್ರಾಂತಿಯು ರಷ್ಯದಲ್ಲಿ ರೈತನನ್ನೇ ಬಂಧಿಸುವ ಪ್ರಭುತ್ವವಾಗಿ ಪರಿಣಮಿಸಿದ್ದು ಹೇಗೆ? ಇದನ್ನು ತಿಳಿಯಲು ಈ ಕಾದಂಬರಿಯು ನಮಗೆ ಎಷ್ಟರಮಟ್ಟಿಗೆ ನೆರವಾಗುತ್ತದೆ?

ಕಾದಂಬರಿಗೆ ಆಧಾರವಾದ ಘಟನೆಯು ನಮಗೆ ದೂರದ್ದಲ್ಲ. ಮಲೆಯಾಳ ಭಾಷೆಯ ಗ್ರಾಮವಾದ ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿದ್ದಿತು. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಯೊಂದರ ಸಂದರ್ಭದಲ್ಲಿ ಪೋಲೀಸನೊಬ್ಬನು ಸತ್ತನು. 1943ರ ಮಾರ್ಚ್ 29ರಂದು ಕಣ್ಣಾನೂರಿನ ಸೆರೆಮನೆಯಲ್ಲಿ ಅಪ್ಪು, ಚಿರುಕಂಡ, ಕುಂಞಂಬು ನಾಯರ್ ಮತ್ತು ಅಬೂಬಕರ್ ಎಂಬ ನಾಲ್ವರು ಗಲ್ಲಿಗೇರಿದರು. ಜಮೀನ್ದಾರನ ದರ್ಪ, ಗೇಣಿಯ ಭಾರ, ಒಕ್ಕಲೆಬ್ಬಿಸುವಿಕೆಯ ನಿತ್ಯಭಯ, ಇವುಗಳ ನಡುವೆ ಸಾಮಾನ್ಯ ರೈತನು ತಲೆಯೆತ್ತಿ ನಿಲ್ಲುವುದನ್ನು ನಿರಂಜನರು ಚಿತ್ರಿಸಿದ್ದಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಲ್ಲಿಯ ಗುತ್ತುಬೀಡುಗಳ, ದೇವಸ್ಥಾನ–ಬಸದಿಗಳ ಭೂಮಿಯಲ್ಲಿ ಚಾಲಗೇಣಿಯ ಒಕ್ಕಲು ಅನುಭವಿಸಿದ್ದು ಅದೇ ಅಭದ್ರತೆಯನ್ನು. ಮೂಲಗೇಣಿದಾರನಿಗೆ ಶಾಶ್ವತ ಹಕ್ಕಿದ್ದಿತು. ಚಾಲಗೇಣಿದಾರನಿಗೆ ಒಡೆಯನ ಮರ್ಜಿಯೇ ಹಕ್ಕು. ಜನರು ಏಕೆ ದಂಗೆಯೇಳುತ್ತಾರೆ ಎಂಬ ಪ್ರಶ್ನೆಗೆ ‘ಚಿರಸ್ಮರಣೆ’ಯು ಕೊಡುವ ಉತ್ತರವು ಇಂದಿಗೂ ಸಾಚಾ ಆದುದು.

ಆದರೆ ಕೃತಿಯ ಮಿತಿಯೂ ಅದರ ವಸ್ತುವಿನಲ್ಲಿಯೇ ಅಡಗಿದೆ. ಕಯ್ಯೂರಿನ ವೀರರು ಸೋತು ಹುತಾತ್ಮರಾದರು. ಗೆದ್ದು ಅಧಿಕಾರಕ್ಕೆ ಬರಲಿಲ್ಲ. ಸೋತ ಹೋರಾಟವು ನಿಷ್ಕಳಂಕವಾಗಿ ಉಳಿಯುತ್ತದೆ. ಗೆದ್ದ ಹೋರಾಟವಾದರೋ ಮರುದಿನವೇ ಸೆರೆಮನೆಯ ಬೀಗದ ಕೈಯನ್ನು ತನ್ನ ಕೈಗೆ ತೆಗೆದುಕೊಳ್ಳಬೇಕಾಗುತ್ತದೆ. ಕಾದಂಬರಿಯು ಹೊರಬಂದ ಮರುವರ್ಷ, 1956ರ ಫೆಬ್ರವರಿಯಲ್ಲಿ, ಸ್ಟಾಲಿನನ ಅಪರಾಧಗಳನ್ನು ಕ್ರುಶ್ಚೇವನು ಪಕ್ಷದ ಮಹಾಧಿವೇಶನದ ಮುಂದೆ ಬಯಲುಮಾಡಿದನು. ಅದಕ್ಕಾಗಿ ಕಾದಂಬರಿಕಾರರನ್ನು ದೂಷಿಸುವುದು ನ್ಯಾಯವಲ್ಲ. ಆದರೆ ಅನಂತರವೂ ನಮ್ಮ ವಿಮರ್ಶೆಯು ಕೃತಿಯನ್ನು ಕೊಂಡಾಡುವುದರಲ್ಲಿಯೋ ತಳ್ಳಿಹಾಕುವುದರಲ್ಲಿಯೋ ತೃಪ್ತಿಪಟ್ಟರೆ ಆ ದೋಷವು ನಮ್ಮದು.

ರಷ್ಯದಲ್ಲಿ ನಡೆದುದೇನು? 1917ರ ನವೆಂಬರಿನ ಭೂಶಾಸನವು ಜಮೀನ್ದಾರರ ಭೂಮಿಯನ್ನು ರೈತರ ವಶಕ್ಕೆ ಕೊಟ್ಟಿತು. ಅದೇ ತಿಂಗಳು ಸಂವಿಧಾನ ಸಭೆಗೆ ಚುನಾವಣೆ ನಡೆದು, ರೈತರ ಬೆಂಬಲವಿದ್ದ ಸಮಾಜವಾದಿ ಕ್ರಾಂತಿಕಾರಿ ಪಕ್ಷಕ್ಕೆ ಎಲ್ಲರಿಗಿಂತ ಹೆಚ್ಚು ಮತಗಳು ಬಂದುವು. 1918ರ ಜನವರಿಯಲ್ಲಿ ಒಂದು ದಿನ ಕಲೆತ ಆ ಸಭೆಯನ್ನು ಬೋಲ್ಷೆವಿಕರು ವಿಸರ್ಜಿಸಿದರು. ಅದಕ್ಕೂ ಮುಂಚೆ, ಡಿಸೆಂಬರಿನಲ್ಲಿ, ಚೆಕಾ ಎಂಬ ಗುಪ್ತ ಪೋಲೀಸು ಹುಟ್ಟಿಕೊಂಡಿದ್ದಿತು. 1921ರ ಮಾರ್ಚಿನಲ್ಲಿ ಕ್ರೋನ್‌ಸ್ಟಾಟಿನ ನಾವಿಕರ ದಂಗೆಯನ್ನು ಅಡಗಿಸಲಾಯಿತು. ಅದೇ ತಿಂಗಳು ಪಕ್ಷದೊಳಗಿನ ಗುಂಪುಗಳನ್ನೂ ನಿಷೇಧಿಸಲಾಯಿತು. ಮೊದಲು ವಿರೋಧಪಕ್ಷ, ಬಳಿಕ ಕಾರ್ಮಿಕ, ಕೊನೆಗೆ ಸ್ವಪಕ್ಷದ ಸದಸ್ಯ: ಒಬ್ಬೊಬ್ಬರ ಬಾಯಿಯೂ ಹೀಗೆ ಮುಚ್ಚಲ್ಪಟ್ಟಿತು. ಆದುದರಿಂದ 1929ರ ಕೊನೆಯಲ್ಲಿ ಸ್ಟಾಲಿನನು ರೈತನಿಂದ ಭೂಮಿಯನ್ನು ಮರಳಿ ಕಿತ್ತುಕೊಂಡು ಸಾಮುದಾಯಿಕ ಬೇಸಾಯಕ್ಕೆ ನೂಕಿದಾಗ, ರೈತನು ಮೊರೆಯಿಡಬಹುದಾದ ಸ್ಥಳವೊಂದೂ ಉಳಿದಿರಲಿಲ್ಲ. 1932–33ರ ಕ್ಷಾಮದಲ್ಲಿ ಲಕ್ಷೋಪಲಕ್ಷ ಮಂದಿ ಸತ್ತರು. 1932ರಲ್ಲಿ ಜಾರಿಗೆ ಬಂದ ಆಂತರಿಕ ರಹದಾರಿಯು ಸಾಮುದಾಯಿಕ ಬೇಸಾಯದ ರೈತರಿಗೆ ಸಾಮಾನ್ಯವಾಗಿ ದೊರೆಯಲಿಲ್ಲ. ಅವರಿಗೂ ಅದನ್ನು ಕೊಡುವ ನಿರ್ಣಯವಾದುದು 1974ರಲ್ಲಿ.

ಈ ಪರಿಣಾಮಕ್ಕೆ ಅಂತರ್ಯುದ್ಧ, ವಿದೇಶೀ ಸೈನ್ಯಗಳ ಪ್ರವೇಶ, ಝಾರ್ ಆಳ್ವಿಕೆಯ ಪರಂಪರೆ, ಸ್ಟಾಲಿನನ ಕ್ರೌರ್ಯ ಎಂಬ ಕಾರಣಗಳನ್ನು ಕೊಡುವುದುಂಟು. ಇವೆಲ್ಲವೂ ಅಂಶತಃ ನಿಜ. ಆದರೆ ಸ್ಟಾಲಿನನು ಬಾಗಿಲುಗಳನ್ನು ಮುಚ್ಚಿದವರಲ್ಲಿ ಮೊದಲಿಗನಲ್ಲ. ಮುಚ್ಚಿದ ಮನೆಯಲ್ಲಿ ಯಜಮಾನನಾದವನು. ಕ್ರಾಂತಿಯ ಪರವಾಗಿಯೇ ನಿಂತಿದ್ದ ರೋಸಾ ಲಕ್ಸೆಂಬರ್ಗಳು, ಭಿನ್ನಮತದವನಿಗಿಲ್ಲದ ಸ್ವಾತಂತ್ರ್ಯವು ಸ್ವಾತಂತ್ರ್ಯವೇ ಅಲ್ಲವೆಂದು 1918ರಲ್ಲಿಯೇ ಎಚ್ಚರಿಸಿದ್ದಳು. ಭೂಮಿಯನ್ನು ಹಂಚಿದುದರಿಂದ ಸರ್ವಂಕಷ ಪ್ರಭುತ್ವ ಹುಟ್ಟಲಿಲ್ಲ. ಹಂಚಿದವನ ಮೇಲೆ ದೂರು ಕೊಡುವ ಎಡೆ ಇಲ್ಲದಂತಾದುದರಿಂದ ಹುಟ್ಟಿತು.

ಈ ಮಾತಿಗೆ ನಮ್ಮ ತಾಲೂಕುಗಳ ಚರಿತ್ರೆಯಲ್ಲಿಯೇ ಸಾಕ್ಷ್ಯವಿದೆ. ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ಭೂಮಿಯನ್ನು ಸರ್ಕಾರಕ್ಕೆ ವಹಿಸಿತು. ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದ ಒಕ್ಕಲು ತಾನು ಉಳುವ ನೆಲಕ್ಕೆ ಒಡೆಯನಾಗಬಹುದಾಗಿದ್ದಿತು. ಸಹಾಯಕ ಆಯುಕ್ತರೂ ಸರ್ಕಾರದಿಂದ ನಾಮಕರಣಗೊಂಡ ನಾಲ್ವರೂ ಕೂಡಿದ ನ್ಯಾಯಮಂಡಳಿಯು ಅರ್ಜಿಗಳನ್ನು ವಿಚಾರಿಸಿತು. ಗಮನಿಸಬೇಕಾದ ಅಂಶವೆಂದರೆ, ಈ ಕಾಯಿದೆಯೂ ಬಾಗಿಲು ಮುಚ್ಚಲು ಯತ್ನಿಸಿದ್ದಿತು. ಮಂಡಳಿಯ ತೀರ್ಪೇ ಅಂತಿಮವೆಂದಿತು, ವಕೀಲರಿಗೆ ಪ್ರವೇಶವಿಲ್ಲವೆಂದಿತು. ಅದಕ್ಕೆ ಕೊಟ್ಟ ಕಾರಣವು ಸಾಧುವಾಗಿಯೇ ಇದ್ದಿತು: ವಕೀಲನನ್ನು ತರುವ ಶಕ್ತಿ ಒಡೆಯನಿಗುಂಟು, ಒಕ್ಕಲಿಗಿಲ್ಲ. ಅದೂ ಅಲ್ಲದೆ, ಮಂಡಳಿಗಳ ಕಾರ್ಯವು ಭರದಿಂದ ಸಾಗುತ್ತಿದ್ದ 1975–77ರ ಅವಧಿಯಲ್ಲಿ ದೇಶದಲ್ಲಿ ತುರ್ತುಪರಿಸ್ಥಿತಿ ಇದ್ದಿತು. ಸದುದ್ದೇಶ, ಅವಸರ, ಪ್ರಶ್ನಾತೀತ ಅಧಿಕಾರ, ಈ ಮೂರೂ ಇಲ್ಲಿ ಕಲೆತಿದ್ದುವು.

ಆದರೂ ಪರಿಣಾಮವು ಬೇರೆಯಾಯಿತು. ಉಚ್ಚ ನ್ಯಾಯಾಲಯದ ಬಾಗಿಲು ರಿಟ್ ಅರ್ಜಿಗಳಿಗೆ ತೆರೆದೇ ಇದ್ದಿತು. 1977ರ ಮಾರ್ಚಿನಲ್ಲಿ ಮತದಾರನು ಕೇಂದ್ರ ಸರ್ಕಾರವನ್ನು ಬದಲಾಯಿಸಿದನು. 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿದು, ವಕೀಲರ ಮೇಲಿನ ನಿಷೇಧವನ್ನು ಮಾತ್ರ ರದ್ದುಪಡಿಸಿತು. ಭೂಮಿಯು ಒಕ್ಕಲಿನಲ್ಲಿಯೇ ಉಳಿಯಿತು. ಪ್ರಶ್ನಿಸುವ ಹಕ್ಕೂ ಉಳಿಯಿತು. ಒಂದನ್ನು ಪಡೆಯಲು ಇನ್ನೊಂದನ್ನು ಬಲಿಕೊಡಲೇಬೇಕೆಂಬ ವಾದವು ಇಲ್ಲಿ ಸುಳ್ಳಾಯಿತು.

ಇದಕ್ಕೆ ಒಂದು ಆಕ್ಷೇಪವುಂಟು, ಅದು ಲಘುವಾದುದಲ್ಲ. ವ್ಯಾಜ್ಯಗಳು ವರ್ಷಗಟ್ಟಲೆ ನಡೆದುವು. ಗೇಣಿಚೀಟಿಯೇ ಇಲ್ಲದ ಕೃಷಿಕೂಲಿಗೆ ಕಾಯಿದೆಯಿಂದ ಹೊಲ ದೊರೆಯಲಿಲ್ಲ. ಕೊರಗರಂತಹ ಸಮುದಾಯಗಳ ಸ್ಥಿತಿಯನ್ನು ಅದು ಹೆಚ್ಚಾಗಿ ಮಾರ್ಪಡಿಸಲಿಲ್ಲ. ನ್ಯಾಯಾಲಯದ ಬಾಗಿಲು ತೆರೆದಿದ್ದ ಮಾತ್ರಕ್ಕೆ ಅಲ್ಲಿಗೆ ಹೋಗುವ ಶಕ್ತಿ ಎಲ್ಲರಿಗೂ ಬಾರದು. ‘ಚಿರಸ್ಮರಣೆ’ಯ ಕೋಪವು ಇನ್ನೂ ತೀರದ ಋಣವನ್ನು ನೆನಪಿಸುತ್ತದೆ, ಆದುದರಿಂದಲೇ ಅದನ್ನು ಓದಬೇಕು. ಆದರೆ ಈ ಕೊರತೆಯನ್ನು ಹೇಳುವ ಅವಕಾಶ ಉಳಿದಿರುವುದರಿಂದಲೇ ಅದನ್ನು ತುಂಬಿಕೊಡಬೇಕೆಂದು ಕೇಳುವುದೂ ಸಾಧ್ಯವಾಗಿದೆ.

ಕಯ್ಯೂರಿನ ಮೊಕದ್ದಮೆಯ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಐದನೆಯ ಅಪರಾಧಿಯೊಬ್ಬನು ಅಪ್ರಾಪ್ತವಯಸ್ಕನೆಂಬ ಕಾರಣದಿಂದ ಗಲ್ಲಿನಿಂದ ಪಾರಾದನು. ನಾಲ್ವರನ್ನು ಕೊಂದ ವಸಾಹತು ನ್ಯಾಯಕ್ಕೆ ಇದರಿಂದ ಹೊಗಳಿಕೆ ಸಲ್ಲದು. ಆದರೆ ಅದಕ್ಕೂ ಮೊದಲೇ, 1935ರಲ್ಲಿ, ಹನ್ನೆರಡು ವರ್ಷದ ಬಾಲಕರನ್ನೂ ವಯಸ್ಕರಂತೆ ದಂಡಿಸಬಹುದೆಂದು ಸೋವಿಯತ್ ಸರ್ಕಾರವು ಶಾಸನ ಮಾಡಿದ್ದಿತು. ಪರಕೀಯ ಪ್ರಭುತ್ವವನ್ನೂ ಒಂದೆಡೆ ತಡೆದ ಗೆರೆಯು ಜನರ ಹೆಸರಿನ ಪ್ರಭುತ್ವವನ್ನು ತಡೆಯಲಿಲ್ಲ. ‘ಚಿರಸ್ಮರಣೆ’ಯನ್ನು ತರಗತಿಯಲ್ಲಿ ಬೋಧಿಸುವವರು, ಅಪ್ಪು ಮತ್ತು ಚಿರುಕಂಡರು ಏಕೆ ಸತ್ತರೆಂದು ಕೇಳುವುದರ ಜೊತೆಗೆ, ಅವರು ಗೆದ್ದಿದ್ದರೆ ಅವರನ್ನು ಪ್ರಶ್ನಿಸುವ ಹಕ್ಕು ಯಾರಿಗಿರುತ್ತಿದ್ದಿತು ಎಂದೂ ವಿದ್ಯಾರ್ಥಿಗಳನ್ನು ಕೇಳುವುದು ಯುಕ್ತ.