ಕಮಲತೆ ಎಲ್ಲಿ ಹೋದಳು?

ಶ್ರಾವಣ ಬಂತೆಂದರೆ ನಮ್ಮ ಹೊಳಲ್ಕೆರೆ ಕಡೆಯ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ಓದಿಸುತ್ತಾರೆ. ಸಂಜೆಯ ಅಡುಗೆ ಮುಗಿಸಿ ಹೋಗಿ ಕೂರುವವರಲ್ಲಿ ನಾವು ಹೆಂಗಸರೇ ಹೆಚ್ಚು. ಹಾಗೆ ಕೇಳಿ ಬೆಳೆದವರಿಗೆ ‘ಪ್ರಭುಲಿಂಗಲೀಲೆ’ಯ ಮಾಯಾದೇವಿ ಚೆನ್ನಾಗಿ ಗೊತ್ತು. ಬನವಾಸಿಯ ಅರಸು ಮಮಕಾರನ ಮಗಳು, ಮದ್ದಳೆ ಬಾರಿಸುವ ಅಲ್ಲಮನಿಗೆ ಮರುಳಾಗಿ, ಬೆನ್ನು ಹತ್ತಿ ಹೋಗಿ, ಅವನನ್ನು ಹಿಡಿಯಲಾರದೆ ಸೋತವಳು. ಆದರೆ ಕಮಲತೆ ಯಾರೆಂದು ಕೇಳಿ ನೋಡಿ. ಬಹುಪಾಲು ಮಂದಿ ಮುಖ ಮುಖ ನೋಡಿಕೊಳ್ಳುತ್ತಾರೆ.

ಕಮಲತೆ ಅಲ್ಲಮ ಒಲಿದು ಕೈಹಿಡಿದವಳು. ಇದನ್ನು ಹೇಳಿದವನು ಹರಿಹರ. ಬಸವಣ್ಣನವರ ಕಾಲಕ್ಕೆ ಬಹಳ ಹತ್ತಿರದ ಕವಿ. ಅವನ ‘ಪ್ರಭುದೇವರ ರಗಳೆ’ಯ ಅಲ್ಲಮ ಬಳ್ಳಿಗಾವೆಯ ಹುಡುಗ, ಗುಡಿಯಲ್ಲಿ ಮದ್ದಳೆ ಬಾರಿಸುವವನು. ಕಥೆಯ ಆರಂಭಕ್ಕೆ ಕೈಲಾಸದ ಶಾಪವೊಂದು ಇದೆ, ನಿಜ. ಆದರೆ ನೆಲಕ್ಕಿಳಿದ ಮೇಲೆ ಎಲ್ಲವೂ ನಮ್ಮ ನಿಮ್ಮ ಮನೆಯ ಹಾಗೆಯೇ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರದೆ ಬಾಳುತ್ತಾರೆ. ಒಂದು ದಿನ ಅವಳಿಗೆ ಜ್ವರ ಬರುತ್ತದೆ, ಸಾಯುತ್ತಾಳೆ. ಅಲ್ಲಮ ಹುಚ್ಚನಂತೆ ಅಲೆಯುತ್ತಾನೆ. ತೋಟವೊಂದರಲ್ಲಿ ಕುಳಿತು ಕಾಲುಗುರಿನಿಂದ ನೆಲ ಕೆರೆಯುತ್ತಿದ್ದಾಗ ಹೂತುಹೋದ ಗುಡಿಯ ಕಳಸ ಕಾಣುತ್ತದೆ. ಅಗೆದು ಒಳಗೆ ಹೋದರೆ ಅನಿಮಿಷನೆಂಬ ಯೋಗಿ ಕೈಯಲ್ಲಿ ಲಿಂಗ ಹಿಡಿದು ಕುಳಿತಿದ್ದಾನೆ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ. ಹೆಂಡತಿಯನ್ನು ಕಳೆದುಕೊಂಡವನ ಸಂಕಟವೇ ಅವನನ್ನು ಗುರುವಿನ ಬಾಗಿಲಿಗೆ ತಂದಿತೆಂಬುದು ಹರಿಹರನ ಕಾಣ್ಕೆ.

ಎರಡು ಶತಮಾನ ಕಳೆದ ಮೇಲೆ ಚಾಮರಸ ಇದೇ ಕಥೆಯನ್ನು ಭಾಮಿನಿ ಷಟ್ಪದಿಯಲ್ಲಿ, 25 ಗತಿಗಳಲ್ಲಿ, 1111 ಪದ್ಯಗಳಲ್ಲಿ ಹೇಳಿದ. ಅಲ್ಲಿ ಕಮಲತೆ ಇಲ್ಲ. ಕೈಲಾಸದಲ್ಲಿ ಶಿವ ಪಾರ್ವತಿಯರಿಗೆ ವಾದ ಹತ್ತುತ್ತದೆ. ನನ್ನ ಮಾಯೆ ಎಲ್ಲರನ್ನೂ ಗೆಲ್ಲುತ್ತದೆಂದು ಪಾರ್ವತಿ, ಅಲ್ಲಮನನ್ನು ಗೆಲ್ಲದೆಂದು ಶಿವ. ಪಾರ್ವತಿಯ ತಾಮಸ ಕಳೆಯೇ ಮಾಯೆಯಾಗಿ ಬನವಾಸಿಯಲ್ಲಿ ಹುಟ್ಟುತ್ತದೆ. ಅಲ್ಲಮ ಒಲಿಯುವುದಿಲ್ಲ, ಅಳುವುದಿಲ್ಲ. ಅವನು ಮೊದಲಿನಿಂದಲೂ ಪರವಸ್ತು. ನೆಲದಡಿಯ ಗುಡಿಗೆ ಅವನೂ ಬರುತ್ತಾನೆ, ಆದರೆ ಏನನ್ನೋ ಕಳೆದುಕೊಂಡವನಾಗಿ ಅಲ್ಲ, ಎಲ್ಲವನ್ನೂ ಮೊದಲೇ ತಿಳಿದವನಾಗಿ.

ಇದನ್ನು ಬರಿಯ ಕವಿಯ ಇಷ್ಟವೆಂದು ಬಿಡುವಂತಿಲ್ಲ. ಚಾಮರಸನಿದ್ದದ್ದು ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ. ಆ ಅರಸು ಆಳಿದ್ದು 1424ರಿಂದ 1446ರವರೆಗೆ. ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥ ಪ್ರಬಲ ವೀರಶೈವರು ಆಗ ಅಧಿಕಾರದಲ್ಲಿದ್ದರು. ಕಲ್ಯಾಣದಿಂದ ಚದುರಿದ್ದ ವಚನಗಳನ್ನು ಕೂಡಿಸುವ, ತತ್ತ್ವವನ್ನು ಒಂದು ಕಟ್ಟಿಗೆ ತರುವ ಕೆಲಸ ಭರದಿಂದ ನಡೆದಿತ್ತು. ಆಸ್ಥಾನದಲ್ಲಿ ವೈಷ್ಣವರೊಡನೆ ನಡೆದ ವಾದದಿಂದಲೇ ‘ಪ್ರಭುಲಿಂಗಲೀಲೆ’ ಹುಟ್ಟಿತೆಂದು ಐತಿಹ್ಯವಿದೆ. ಎದುರಿನವರು ರಾಮ ಕೃಷ್ಣರ ಅವತಾರಗಳನ್ನು ಮುಂದಿಟ್ಟಾಗ, ನಮ್ಮ ಗುರು ಹೆಂಡತಿ ಸತ್ತಳೆಂದು ಅತ್ತನು ಎಂದು ಹೇಳಲು ಯಾರಿಗೆ ಮನಸ್ಸು ಬಂದೀತು?

ಗುರು ಮನುಷ್ಯನೋ ದೇವರೋ ಎಂಬ ಈ ತೊಡಕು ನಮ್ಮ ನಾಡಿಗಷ್ಟೇ ಸೇರಿದ್ದಲ್ಲ. ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವಾಗ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್‌ನ ಹೆಸರು ಬಂದಾಗಲೆಲ್ಲ ನನಗೆ ಚಾಮರಸನ ನೆನಪಾಗುತ್ತದೆ. ಅಲೆಕ್ಸಾಂಡ್ರಿಯಾದ ಏರಿಯಸ್ ಎಂಬ ಪಾದ್ರಿ, ಕ್ರಿಸ್ತನು ದೇವರಿಂದ ಸೃಷ್ಟಿಯಾದವನು, ದೇವರಿಗೆ ಸಮನಲ್ಲ ಎಂದ. ಊರೂರಿನ ಚರ್ಚುಗಳು ಎರಡು ಪಾಳಿಯಾದವು. ರಾಜ್ಯ ಒಡೆದೀತೆಂಬ ಭಯದಿಂದ ಚಕ್ರವರ್ತಿ 325ರಲ್ಲಿ, ಇಂದು ತುರ್ಕಿಗೆ ಸೇರಿದ ನೈಸಿಯಾದಲ್ಲಿ ಬಿಷಪ್ಪರ ಸಭೆ ಕರೆದ. ಆಗ ಅವನೇ ಇನ್ನೂ ದೀಕ್ಷಾಸ್ನಾನ ಪಡೆದಿರಲಿಲ್ಲ! ಮಗನೂ ತಂದೆಯೂ ಒಂದೇ ಸತ್ತ್ವವೆಂದು ತೀರ್ಮಾನವಾಯಿತು. ಏರಿಯಸ್ ಗಡೀಪಾರಾದ, ಅವನ ಬರಹಗಳನ್ನು ಸುಡಲು ಆಜ್ಞೆಯಾಯಿತು. ಜಗಳ ಅಲ್ಲಿಗೂ ನಿಲ್ಲಲಿಲ್ಲ. 451ರಲ್ಲಿ ಕಾಲ್ಸಿಡನ್‌ನಲ್ಲಿ ಮತ್ತೆ ಸೇರಿ, ಕ್ರಿಸ್ತನು ಪೂರ್ಣ ದೇವರೂ ಹೌದು, ಪೂರ್ಣ ಮನುಷ್ಯನೂ ಹೌದು ಎಂದು ಹೇಳಬೇಕಾಯಿತು.

ನಮ್ಮ ಗಮನಕ್ಕೆ ಬರಬೇಕಾದ ಮಾತು ಇನ್ನೊಂದಿದೆ. ಗಂಡಸರು ಕೂತು ಗುರುವನ್ನು ಮೇಲಕ್ಕೆ ಏರಿಸುವಾಗ ಅವನ ಸುತ್ತಲಿನ ಹೆಂಗಸರ ಬಾಳೂ ತಿದ್ದುಪಡಿಯಾಗುತ್ತದೆ. ಸುವಾರ್ತೆಗಳಲ್ಲಿ ಯೇಸುವಿನ ಸಹೋದರರ ಪ್ರಸ್ತಾಪವಿದೆ. ಅದನ್ನು ನಂಬಿ ಹೆಲ್ವಿಡಿಯಸ್ ಎಂಬುವನು, ಮರಿಯಳು ಮುಂದೆ ಎಲ್ಲ ಹೆಂಗಸರಂತೆ ಸಂಸಾರ ಮಾಡಿ ಮಕ್ಕಳನ್ನು ಹೆತ್ತಳೆಂದು ಬರೆದ. ವಿದ್ವಾಂಸ ಜೆರೋಮ್ 383ರ ಸುಮಾರಿಗೆ ಅವನನ್ನು ಖಂಡಿಸಿ, ಅವರು ಸಹೋದರರಲ್ಲ, ದಾಯಾದಿಗಳೆಂದು ವಾದಿಸಿದ. ಗೆದ್ದದ್ದು ಜೆರೋಮನ ಮಾತು.

ನಮ್ಮ ಅಕ್ಕಮಹಾದೇವಿಗೂ ಆದದ್ದು ಇದೇ. ಹರಿಹರನ ರಗಳೆಯಲ್ಲಿ ಅವಳು ಹೆತ್ತವರನ್ನು ಉಳಿಸಲು ಕೌಶಿಕನನ್ನು ಷರತ್ತು ಹಾಕಿ ಮದುವೆಯಾಗುತ್ತಾಳೆ. ಅವನು ಮಾತು ಮುರಿದಾಗ ಮನೆ ಬಿಟ್ಟು ಹೊರಡುತ್ತಾಳೆ. ಚಾಮರಸನಲ್ಲಿ ಮದುವೆಯೇ ಆಗುವುದಿಲ್ಲ. ಅವಳು ಪಾರ್ವತಿಯ ಸಾತ್ತ್ವಿಕ ಕಳೆ. ಒಬ್ಬಳು ತಾಮಸ, ಒಬ್ಬಳು ಸಾತ್ತ್ವಿಕ. ನಡುವೆ ಬದುಕುವ ಹೆಣ್ಣಿಗೆ ಜಾಗವೆಲ್ಲಿ? ಮದುವೆಯಾಗಿ, ನರಳಿ, ಹೊಸಿಲು ದಾಟಿದವಳ ಧೈರ್ಯ ದೊಡ್ಡದೋ, ಹುಟ್ಟುವಾಗಲೇ ದೇವಿಯಾಗಿದ್ದವಳದೋ? ಗಂಡನ ಮನೆಯಲ್ಲಿ ಮೂಕವಾಗಿ ಸಹಿಸುತ್ತಿರುವ ಹೆಣ್ಣುಮಗಳಿಗೆ ಇವರಲ್ಲಿ ಯಾರು ಆಸರೆಯಾದಾರು?

ಚಾಮರಸನ ಪರವಾಗಿ ಹೇಳಬೇಕಾದ್ದನ್ನೂ ಹೇಳಬೇಕು. ಅವನು ದೊಡ್ಡ ಕವಿ. ತಮಿಳು, ತೆಲುಗಿಗೂ ಹೋದ ಕಾವ್ಯ ಅವನದು. ಮಾಯೆಯ ವಿರಹವನ್ನು ಬರೆಯುವಾಗ ಅವಳ ಮೇಲೆ ಕನಿಕರ ಹುಟ್ಟುವಂತೆಯೇ ಬರೆದಿದ್ದಾನೆ. ಮಾಯೆ ಎಂದರೆ ಹೆಂಗಸಲ್ಲ, ಅದೊಂದು ಸಂಕೇತ ಎಂದು ಪಂಡಿತರು ಸಮಾಧಾನ ಹೇಳುತ್ತಾರೆ. ಇರಬಹುದು. ಆದರೆ ಪುರಾಣ ಕೇಳಿ ಎದ್ದುಹೋಗುವ ಗಂಡಸರು ಸಂಕೇತವನ್ನು ಮನೆಗೆ ಒಯ್ಯುವುದಿಲ್ಲ. ಹೆಣ್ಣೆಂದರೆ ಮಾಯೆ ಎಂಬ ಮಾತನ್ನಷ್ಟೇ ಒಯ್ಯುತ್ತಾರೆ. ವಿಚಿತ್ರವೆಂದರೆ, ಮಾಯೆಯಿರುವುದು ಹೊನ್ನಿನಲ್ಲಾಗಲಿ ಹೆಣ್ಣಿನಲ್ಲಾಗಲಿ ಅಲ್ಲ, ನಮ್ಮದೇ ಮನಸ್ಸಿನ ಆಸೆಯಲ್ಲಿ ಎಂದು ವಚನದಲ್ಲಿ ಸ್ಪಷ್ಟವಾಗಿ ಹೇಳಿದವನು ಸ್ವತಃ ಅಲ್ಲಮ. ಅವನನ್ನು ಎತ್ತರದಲ್ಲಿ ಕೂರಿಸಲು ಬರೆದ ಕಾವ್ಯ ಅವನ ಮಾತಿಗೇ ಎದುರಾಗಿ ನಿಂತಿದೆ.

ನಮ್ಮ ಪುಣ್ಯಕ್ಕೆ ಇಲ್ಲಿ ಯಾವ ಅರಸನೂ ಹರಿಹರನ ಓಲೆಗರಿಗಳನ್ನು ಸುಡಿಸಲಿಲ್ಲ. ಏರಿಯಸ್‌ನ ಮಾತುಗಳನ್ನು ಇಂದು ಹೆಚ್ಚಾಗಿ ಅವನ ವಿರೋಧಿಗಳ ಪುಸ್ತಕದಿಂದಲೇ ಹೆಕ್ಕಬೇಕು. ಕಮಲತೆಯ ಕಥೆಯಾದರೋ ಅಚ್ಚಾಗಿ ಗ್ರಂಥಾಲಯದ ಕಪಾಟಿನಲ್ಲಿದೆ. ಇದ್ದರೂ ಓದಿಸುವವರಿಲ್ಲ. ಹೊಳಲ್ಕೆರೆಯಿಂದ ಶಿವಮೊಗ್ಗದ ದಾರಿ ಹಿಡಿದು ಶಿಕಾರಿಪುರಕ್ಕೆ ಹೋದರೆ ಅದೇ ತಾಲ್ಲೂಕಿನಲ್ಲಿ ಬಳ್ಳಿಗಾವೆಯೂ ಇದೆ, ಅಕ್ಕನ ಉಡುತಡಿಯೂ ಇದೆ. ಎಲ್ಲ ಇಷ್ಟು ಹತ್ತಿರವಿದ್ದೂ ಕಮಲತೆ ನಮಗೆ ದೂರವಾದಳು. ಪುರಾಣ ಓದಿಸಲು ಹೂವು, ಎಣ್ಣೆ, ಪ್ರಸಾದದ ಅಕ್ಕಿ ಕೊಡುವವರು ನಾವೇ ಅಲ್ಲವೇ? ಮುಂದಿನ ಶ್ರಾವಣದಲ್ಲಿ ಒಂದು ಸಂಜೆ ಹರಿಹರನ ರಗಳೆಯನ್ನೂ ಓದಿಸಿರೆಂದು ಶಾಸ್ತ್ರಿಗಳನ್ನು ಕೇಳಬಹುದು. ಅವರು ಒಲ್ಲೆನೆಂದರೆ ನಾಲ್ಕು ಜನ ಹೆಂಗಸರು ಒಂದು ಪಡಸಾಲೆಯಲ್ಲಿ ಕೂತು ನಾವೇ ಓದಿಕೊಂಡರೂ ಆದೀತು.